ಫೇಡೆಗೆ ಫೆಲೈನ್ ಲುಕೇಮಿಯಾ: ಹಾವೇರಿಯಿಂದ ಹುಬ್ಬಳ್ಳಿಗೆ ಓಡಾಡಿದ ಕತಿ

ನಮ್ಮ ಬೆಕ್ಕು ಫೇಡೆಗೆ ಫೆಲೈನ್ ಲುಕೇಮಿಯಾ ಅನ್ನೋ ಜಡ್ಡು ಹತ್ತೇತಿ. "ಇದು ನಮಗೂ ಹತ್ತತೈತೇನು" ಅಂತ ಎಲ್ಲಾರೂ ಕೇಳೋ ಪ್ರಶ್ನೆಗೆ ಮೊದ್ಲ ಉತ್ತರ ಕೊಟ್ಟುಬಿಡ್ತೀನ್ರಿ. ಇದು ಮನಷ್ಯಾರಿಗೆ ಬರಂಗಿಲ್ಲ. ನಾಯಿಗೆ ಬರಂಗಿಲ್ಲ, ಎಮ್ಮಿ ಆಕಳಿಗೂ ಬರಂಗಿಲ್ಲ. ಬೆಕ್ಕಿಂದ ಬೆಕ್ಕಿಗೆ, ಅಷ್ಟ. ಯಾಕ ಇದನ್ನ ಮೊದ್ಲ ಬರದೆ ಅಂದ್ರ, ಫೆಲೈನ್ ಲುಕೇಮಿಯಾ ಅಂದ ಕೂಡ್ಲೆ ನಮ್ಮ ಓಣ್ಯಾಗ "ಅವರ ಬೆಕ್ಕಿಗೆ ಬ್ಲಡ್ ಕ್ಯಾನ್ಸರ್ ಅಂತ, ಅಂಟ್‌ಜಾಡ್ಯ ಅಂತ" ಅಂತ ಸುದ್ದಿ ಹಬ್ಬಿ, ನನ್ನ ಕಡೆ ಟ್ಯೂಷನ್‌ಗೆ ಬರೋ ಹುಡುಗ್ರ ತಾಯಂದ್ರು ಕೆಲವ್ರು ಫೋನ್ ಹಚ್ಚಿ "ಟೀಚರ್, ಸ್ವಲ್ಪ ದಿನ ಬಿಡಸ್ತೀವ್ರಿ" ಅಂದ್ರು. ಹೆಸರಿನಾಗ ಲುಕೇಮಿಯಾ ಅಂತ ಇದ್ರೂ ಇದು ಒಂದು ವೈರಸ್. ಅದು ಹೊಕ್ಕ ಬೆಕ್ಕುಗಳೊಳಗ ಕೆಲವಕ್ಕ ಮುಂದ ಕ್ಯಾನ್ಸರ್ ಆಗತೈತಿ, ಆದ್ರ ಜಾಸ್ತಿ ಕಾಡೋದು ರಕ್ತ ಕಮ್ಮಿ ಆಗೂದು, ಮತ್ತ ರೋಗ ತಡಕೊಳ್ಳೋ ಶಕ್ತಿ ಇಳಿದು ಸಣ್ಣ ಸಣ್ಣ ಜಡ್ಡೂ ದೊಡ್ಡವಾಗೂದು.

ನಮ್ಮ ಮನ್ಯಾಗ ಎರಡು ಬೆಕ್ಕು. ಫೇಡೆ ಗಂಡು, ಗಿರ್ಮಿಟ್ ಹೆಣ್ಣು, ಒಂದ ತಾಯಿ ಮರಿ. ಹಿಂದಿನ ಮನಿ ಅಟ್ಟದ ಮ್ಯಾಲ ಹುಟ್ಟಿದ್ವು, ತಾಯಿ ಹೋಗಿಬಿಡ್ತು, ನಮ್ಮತ್ತಿ ಸೆರಗಿನಾಗ ಕಟ್ಕೊಂಡು ಬಂದ್ರು. ಮೈಬಣ್ಣ ನೋಡಿ ಹೆಸರಿಟ್ಟಾಕಿ ನನ್ನ ಮಗಳು. ಎರಡಕ್ಕೂ ಆಪರೇಷನ್ ಆಗೇತಿ, ಆದ್ರ ಅದಕ್ಕಿಂತ ಮೊದ್ಲ ಫೇಡೆ ಓಣಿ ತುಂಬ ತಿರಗತಿತ್ತು, ಜಗಳಾಡಿ ಕಿವಿ ಹರಕೊಂಡು ಬರತಿತ್ತು. ಜಡ್ಡು ಅಲ್ಲಿಂದ ಬಂತೋ, ಹುಟ್ಟಿದಾಗ ತಾಯಿ ಹಾಲಿನಾಗ ಬಂತೋ ಡಾಕ್ಟರ್ರಿಗೂ ಹೇಳಾಕ ಬರಂಗಿಲ್ಲ. ಎರಡೂ ದಾರಿಲೆ ಬರತೈತಂತ. ಜೊಲ್ಲು ಇದರ ಮುಖ್ಯ ದಾರಿ, ಒಂದನ್ನೊಂದು ನೆಕ್ಕೂದು, ಒಂದ ತಾಟಿನಾಗ ತಿನ್ನೂದು, ಕಡಿಯೂದು.

ಶುರು ಆಗಿದ್ದು ಶ್ರಾವಣದಾಗ. ಬಾಯಿಂದ ಜೊಲ್ಲು, ವಾಸನಿ, ಒಸಡೆಲ್ಲಾ ಕೆಂಪಗ. ಹಸಿವಿ ಆಗಿರತಿತ್ತು, ಓಡಿ ಬರತಿತ್ತು, ಒಂದು ಕಾಳು ಬಾಯಾಗ ಇಟ್ಕೊಂಡು ನೋವಾಗಿ ಕೆಳಗ ಉಗುಳಿ ಹಿಂದ ಸರೀತಿತ್ತು. ಮೈ ಬಿಸಿ ಆಗೂದು, ಎರಡು ದಿನಕ್ಕ ಇಳಿಯೂದು, ಮತ್ತ ಬಿಸಿ. ಬೆನ್ನ ಮ್ಯಾಲ ಕೈ ಆಡಿಸಿದ್ರ ಎಲುಬು ಹತ್ತಾಕತ್ತಿದ್ವು.

ಇಲ್ಲೇ ಹಾವೇರಿ ದನದ ದವಾಖಾನಿಗೆ ಒಯ್ದ್ವಿ. ಮುಂಜಾನಿ ಹೊತ್ತು ಅಲ್ಲಿ ಹೋರಿ, ಎಮ್ಮಿ, ಟಗರು, ಅವುಗಳ ನಡುವ ಟಾವೆಲ್ ಮುಚ್ಚಿದ ಬುಟ್ಟಿ ಹಿಡಕೊಂಡು ನಾನು. ನಿಂತ ರೈತ್ರು ಬುಟ್ಟ್ಯಾಗ ಕೋಳಿ ಐತಿ ಅನ್ಕೊಂಡಿದ್ರು. ಡಾಕ್ಟರ್ರು ಚಲೋ ಮಂದಿ, ಸೂಜಿ ಮಾಡಿದ್ರು, ಆಂಟಿಬಯೋಟಿಕ್ ಕೊಟ್ರು, ಒಂದು ವಾರ ಆರಾಮ ಇತ್ತು. ಮತ್ತ ಅದ ಹಾಡು. ಮತ್ತ ಸೂಜಿ, ಮತ್ತ ಆರಾಮ, ಮತ್ತ ಜೊಲ್ಲು. ಕಡೀಕ ಅವರ ಹೇಳಿದ್ರು, "ಅಕ್ಕಾರ, ಇಷ್ಟ ವಯಸ್ಸಿನ ಬೆಕ್ಕಿಗೆ ಬಾಯಿ ಹುಣ್ಣು ಹಿಂಗ ತಿರತಿರಗಿ ಬರಾಕತ್ತೈತಿ ಅಂದ್ರ ಒಳಗ ಬ್ಯಾರೆ ಏನೋ ಐತಿ. ವೈರಸ್ ಟೆಸ್ಟಿನ ಕಿಟ್ ನನ್ನ ಕಡೆ ಇಲ್ಲ. ಹುಬ್ಬಳ್ಳಿಗೆ ಹೋಗ್ರಿ." ಗೊತ್ತಿಲ್ಲದ್ದಕ್ಕ ಮತ್ತೊಂದು ಸೂಜಿ ಚುಚ್ಚದ ಹಿಂಗ ನೇರ ಹೇಳಿದ್ದಕ್ಕ ಅವ್ರ ಮ್ಯಾಲ ನಂಗ ಗೌರವ ಹೆಚ್ಚಾತು.

ನಡುವ ಒಂದು ಮಾತು. ಜ್ವರ ಅಂದ ಕೂಡ್ಲೆ ಮೆಡಿಕಲ್ ಅಂಗಡಿಯವ್ರು "ಕೂಸಿಗೆ ಹಾಕೋ ಪ್ಯಾರಾಸಿಟಮಾಲ್ ಡ್ರಾಪ್ಸ್ ಎರಡು ಹನಿ ಹಾಕ್ರಿ" ಅಂತಾರ. ದಯವಿಟ್ಟು ಬ್ಯಾಡ. ಬೆಕ್ಕಿನ ಲಿವರ್‌ಗೆ ಆ ಔಷಧ ಕರಗಿಸೋ ಶಕ್ತಿ ಇಲ್ಲ, ರಕ್ತ ಕೆಟ್ಟು ಒಸಡು ಕಂದು ಬಣ್ಣಕ್ಕ ತಿರಗತಾವು, ದೊಡ್ಡವರು ನುಂಗೋ ಒಂದು ಗುಳಿಗಿ ಒಂದು ಬೆಕ್ಕಿನ ಜೀವ ತಗೊಳ್ಳಾಕ ಸಾಕು. ದನದ ದವಾಖಾನಿ ಡಾಕ್ಟರ್ರು ಇದನ್ನ ಮೊದಲನೇ ದಿನನ ಚೀಟಿ ಮ್ಯಾಲ ಬರದು ಅಡ್ಡಗೆರಿ ಎಳದು ಕೊಟ್ಟಿದ್ರು.

ಹಾವೇರಿಯಿಂದ ಹುಬ್ಬಳ್ಳಿಗೆ ಬಂಕಾಪುರ, ಶಿಗ್ಗಾವಿ, ತಡಸ ಕ್ರಾಸ್ ದಾಟಿ ಬಸ್ಸಿನಾಗ ಹೆಚ್ಚುಕಮ್ಮಿ ಎರಡು ತಾಸು. ಕಾರ್ ಮಾಡಿಸಿದ್ರ ಒಂದ ದಿನಕ್ಕ ಟೆಸ್ಟಿನ ರೊಕ್ಕದಷ್ಟ ಬಾಡಿಗಿ ಆಗತೈತಿ ಅಂತ ಬಸ್ಸ ಗತಿ. ಇಲ್ಲೊಂದು ಮಜಾ ಕೇಳ್ರಿ, ಆಧಾರ್ ತೋರಿಸಿದ್ರ ಶಕ್ತಿ ಯೋಜನೆ ಒಳಗ ನಂಗ ಝೀರೋ ಟಿಕೆಟ್, ಬೆಕ್ಕಿಗೆ ಮಾತ್ರ ರೊಕ್ಕ! ಒಬ್ಬ ಕಂಡಕ್ಟರ್ "ಯಕ್ಕಾ, ನಿಂಗ ಫ್ರೀ, ಇದು ಹೆಣ್ಣ ಬೆಕ್ಕಾಗಿದ್ರ ವಿಚಾರ ಮಾಡ್ತಿದ್ದೆ" ಅಂತ ನಕ್ಕೋತ ಲಗೇಜ್ ಟಿಕೆಟ್ ಹರದ. ಇನ್ನೊಂದು ಸಲ ಬ್ಯಾರೆ ಕಂಡಕ್ಟರ್ ಏನೂ ಕೇಳಲಿಲ್ಲ. ಹಿಂಗಾಗಿ ಚಿಲ್ಲರ ಕೈಯಾಗ ಇಟ್ಕೊಂಡ ಹತ್ರಿ. ಬಟ್ಟಿ ಚೀಲದಾಗ, ಹೂವಿನ ಬುಟ್ಟ್ಯಾಗ ಒಯ್ಯಬ್ಯಾಡ್ರಿ, ಹಾರ್ನ್ ಸದ್ದಿಗೆ ಹೆದರಿ ಜಿಗಿದ್ರ ಹೈವೇದಾಗ ಮುಗೀತು. ಮ್ಯಾಲಿನ ಮುಚ್ಚಳ ತೆಗಿಯಾಕ ಬರೋ ಪ್ಲಾಸ್ಟಿಕ್ ಕ್ಯಾರಿಯರ್ ತಗೊಳ್ರಿ, ಡಾಕ್ಟರ್ರ ಟೇಬಲ್ ಮ್ಯಾಲ ಬೆಕ್ಕನ್ನ ಎಳದಾಡೋದು ತಪ್ಪತೈತಿ. ಒಳಗ ಮನ್ಯಾಗ ಅದು ಮಲಗೋ ಹಳೇ ಸೀರಿ ಹಾಸ್ರಿ, ಮ್ಯಾಲ ಟಾವೆಲ್ ಹೊಚ್ರಿ, ಕತ್ತಲಿದ್ರ ಒದರೂದು ಕಮ್ಮಿ ಆಗತೈತಿ.

ಹುಬ್ಬಳ್ಳಿ ವಿದ್ಯಾನಗರದ ಕಡೆ ಒಂದು ಖಾಸಗಿ ಕ್ಲಿನಿಕ್. ಭಾಳ ಹೊತ್ತು ಕೂತ್ವಿ, ಬಾಜೂಕ ಲ್ಯಾಬ್ರಡಾರ್, ಎದುರಿಗೆ ಎರಡು ಪರ್ಶಿಯನ್ ಬೆಕ್ಕು. ಒಳಗ ಕರದು ಮುಂಗಾಲಿನ ಕೂದಲ ಬೋಳಿಸಿ ಒಂದೀಟು ರಕ್ತ ತಗದ್ರು, ಕೆಲವು ಹನಿ ಕಿಟ್‌ಗೆ ಹಾಕಿದ್ರು. ಕೊರೋನಾ ಟೈಮಿನಾಗ ಮೂಗಿನಾಗ ಕಡ್ಡಿ ಹಾಕಿ ಗೆರಿ ಬರತೈತೇನೂ ಅಂತ ಕಾಯ್ಕೋತ ಕೂತಿದ್ವಲ್ಲ, ಅದ ಥರದ್ದು. ಒಂದ ಕಿಟ್‌ನಾಗ ಎರಡು ಟೆಸ್ಟ್: ಎಫ್‌ಐವಿ, ಅಂದ್ರ ಬೆಕ್ಕಿನ ಏಡ್ಸ್ ಅಂತಾರಲ್ಲ ಅದು, ಇನ್ನೊಂದು ಎಫ್‌ಇಎಲ್‌ವಿ, ಅಂದ್ರ ಫೆಲೈನ್ ಲುಕೇಮಿಯಾ ವೈರಸ್, ನಮ್ಮದು. ಎಫ್‌ಐವಿ ಟೆಸ್ಟ್ ನೋಡೋದು ಮೈ ತಯಾರ್ ಮಾಡಿದ ಆಂಟಿಬಾಡಿ, ಎಫ್‌ಇಎಲ್‌ವಿದು ವೈರಸ್ಸಿನ ಸ್ವಂತ ಪ್ರೋಟೀನನ್ನ ಹುಡುಕೂದು, ಪಿ27 ಅಂತ ಅದರ ಹೆಸರು. ಹತ್ತು ನಿಮಿಷ ಅಂದಿದ್ರು. ಅಷ್ಟು ಸೈತ ಬೇಕಾಗಲಿಲ್ಲ, ಎಫ್‌ಇಎಲ್‌ವಿ ಕಡೆ ಗೆರಿ ದಟ್ಟಗ ಮೂಡೇಬಿಡ್ತು, ಅಂದ್ರ ಪಾಸಿಟಿವ್.

ನಂಗ ಕೈಕಾಲು ತಣ್ಣಗಾದ್ವು. ಡಾಕ್ಟರ್ರು ನನ್ನ ಮುಖ ನೋಡಿ ಕುರ್ಚಿ ಮುಂದ ಸರಿಸಿ ಹೇಳಿದ್ರು, "ನೋಡ್ರಿ ಮೇಡಂ, ಇವತ್ತ ರಕ್ತದಾಗ ವೈರಸ್ ಐತಿ ಅಂತ ಇದು ಹೇಳತೈತಿ, ಅಷ್ಟ. ಮುಂದ ಏನು ಅನ್ನೂದನ್ನ ಇದೊಂದ ಕಿಟ್ ನೋಡಿ ನಾ ಹೇಳಂಗಿಲ್ಲ." ಆಮ್ಯಾಲೆ ಒಂದು ಹಾಳಿ ಮ್ಯಾಲ ಗೆರಿ ಎಳದು ತಿಳಿಸಿದ್ರು. ಕೆಲವು ಬೆಕ್ಕು ವೈರಸ್ಸನ್ನ ಪೂರ್ತಿ ಹೊರಗ ಹಾಕ್ತಾವು. ಕೆಲವ್ರೊಳಗ ಅದು ರಕ್ತದಿಂದ ಮರೆಯಾಗಿ ಜೀವಕೋಶದ ಡಿಎನ್‌ಎ ಒಳಗ ಅಡಗಿ ಕೂಡತೈತಿ, ಕಿಟ್ ನೆಗೆಟಿವ್ ಬರತೈತಿ, ಬೆಕ್ಕು ಸುಮ್ನ ತನ್ನಷ್ಟಕ್ಕ ಬಾಳ್ವಿ ಮಾಡತೈತಿ, ಆದ್ರ ಮೈಯಾಗಿನ ಶಕ್ತಿ ಕುಂದಿದ್ರ ಮತ್ತ ಎದ್ದು ಬರಬಹುದು. ಇನ್ನ ಕೆಲವ್ರೊಳಗ ವೈರಸ್ ರಕ್ತದಾಗ ನಿಂತುಬಿಡತೈತಿ, ಜೊಲ್ಲಿನಾಗ ಸುರೀತಿರತೈತಿ, ಇದು ಕೆಟ್ಟದ್ದು, ಇಂಥಾ ಬೆಕ್ಕು ಭಾಳಷ್ಟು ಮೂರು ವರ್ಷದೊಳಗ ಹೋಗತಾವು, ಅದಕ್ಕೂ ಹೆಚ್ಚು ಬದುಕಿದ್ವೂ ಅದಾವ. ಯಾವುದು ಅನ್ನೂದು ಗೊತ್ತಾಗಾಕ ಸುಮಾರು ಮೂರು ತಿಂಗಳು ಬಿಟ್ಟು ಮತ್ತ ಟೆಸ್ಟ್, ಜೋಡೀಲೆ ಪಿಸಿಆರ್, ಅಂದ್ರ ರಕ್ತದಾಗ ವೈರಸ್ಸಿನ ಡಿಎನ್‌ಎ ಹುಡುಕೋ ಲ್ಯಾಬ್ ಟೆಸ್ಟ್.

ಗಿರ್ಮಿಟ್‌ನೂ ಮಾಡಿಸ್ರಿ ಅಂದ್ರು, ಆಕಿನ್ನ ಮುಂದಿನ ಸಲ ಒಯ್ದೆ, ನೆಗೆಟಿವ್. ಖುಷಿ ಪಡಬೇಕೋ ಅಳಬೇಕೋ ತಿಳೀಲಿಲ್ಲ, ಯಾಕಂದ್ರ ಹುಟ್ಟಿದಾಗಿಂದ ಮೈಗೆ ಮೈ ಹಚ್ಚಿ ಮಲಗಿದ ಎರಡನ್ನ ಇನ್ನ ಅಗಲಸಬೇಕು. ಎರಡಕ್ಕೂ ಕಿಟ್, ಕನ್ಸಲ್ಟೇಷನ್, ಔಷಧ ಸೇರಿ ನಂಗ ನಾಕು ಸಾವಿರದ ಹತ್ರ ಆತು, ಬಸ್ಸು ಚಾ ಬ್ಯಾರೆ.

ಮನಿಗೆ ಬಂದ ಮ್ಯಾಲೆ ಉಪದೇಶ ಶುರು ಆತು. ಬ್ಯಾರೆ ಊರಿನ ಒಬ್ಬ ಡಾಕ್ಟರ್ರಿಗೆ, ನಮ್ಮ ಸಂಬಂಧಿಕರು ನಂಬರ್ ಕೊಟ್ಟಿದ್ರು ಅಂತ, ಫೋನ್ ಮ್ಯಾಲ ಕೇಳಿದ್ರ ಪ್ರಶ್ನೆ ಮುಗಿಯೂಕಿಂತ ಮೊದ್ಲ "ಪಾಸಿಟಿವ್ ಏನು? ಸೂಜಿ ಮಾಡಿ ಮಲಗಿಸಿಬಿಡ್ರಿ, ಸುಮ್ನ ರೊಕ್ಕ ಹಾಳ" ಅಂದ್ರು. ಬೆಕ್ಕನ್ನ ನೋಡಿಲ್ಲ, ಮುಟ್ಟಿಲ್ಲ. ನಮ್ಮನಿಯವ್ರೂ ಒಂದು ಕ್ಷಣ ಸುಮ್ನಾದ್ರು, ಖರ್ಚಿನ ಲೆಕ್ಕ ಅವರ ತಲ್ಯಾಗ ಓಡಾಕತ್ತಿತ್ತು ಅಂತ ನಂಗ ಗೊತ್ತಾತು. ಆಗ ಅಡಗಿಮನಿ ಬಾಗಲದಾಗಿಂದ ನಮ್ಮತ್ತಿ, "ಬೆಕ್ಕು ಕೊಂದ್ರ ಕಾಶಿಗೆ ಹೋಗಿ ಬಂಗಾರದ ಬೆಕ್ಕು ಮಾಡಿಸಿ ದಾನಾ ಕೊಡಬೇಕಪಾ. ಈಗಿನ ಬಂಗಾರದ ರೇಟಿನಾಗ ಔಷಧನ ಸಸ್ತಾ ಬೀಳತೈತಿ" ಅಂದ್ರು. ಅಲ್ಲಿಗೆ ಆ ಮಾತು ಮುಗೀತು. ಖರೇ ಹೇಳಬೇಕಂದ್ರ ನೋವು ತಡಕೊಳ್ಳಲಾರದ, ಉಸಿರಾಡಲಾರದ ಬೆಕ್ಕಿಗೆ ಆ ಸೂಜಿ ದಯೆನ ಅಂತ ನಾನೂ ಒಪ್ಪತೀನಿ. ಆದ್ರ ತಿನ್ನಾಕ ಓಡಿ ಬರೋ, ಆಡೋ ಬೆಕ್ಕಿಗೆ, ಒಂದ ಕಿಟ್ ನೋಡಿ? ಮೊದಲನೇ ಟೆಸ್ಟಿಗೆ ಯಾರಾದ್ರೂ ಹಂಗ ಅಂದ್ರ ಫೋನ್ ಇಟ್ಟುಬಿಡ್ರಿ, ಇದು ನನ್ನ ಅಭಿಪ್ರಾಯ.

ಈಗ ಬ್ಯಾರೆ ಇಡೋ ಕತಿ. ನಮ್ಮದು ಪಡಸಾಲಿ, ಅಡಗಿಮನಿ, ಎರಡು ಖೋಲಿ, ಮ್ಯಾಲ ಮಾಳಗಿ. ಹಿಂದಿನ ಖೋಲಿ ಫೇಡೆಗೆ. ಕಿಡಕಿಗೆ ಜಾಳಗಿ ಬಡಿಸಿದ್ವಿ, ಬಾಗಲಕ್ಕೂ ಜಾಳಗಿಯ ಎರಡನೇ ಬಾಗಲ, ಬಡಿಗ್ಯಾ ಬಂದು ಅಳತಿ ತಗೊಂಡು "ಸೊಳ್ಳಿಗೇನ್ರಿ?" ಅಂದ, "ಬೆಕ್ಕಿಗೆ" ಅಂದ್ರ ನಂಬಲಿಲ್ಲ. ತಾಟು, ನೀರಿನ ಬಟ್ಟಲ, ಮಣ್ಣಿನ ಡಬ್ಬಿ ಎಲ್ಲಾ ಬ್ಯಾರೆ ಬ್ಯಾರೆ. ಮೊದಮೊದ್ಲು ನಾ ಡೆಟಾಲ್ ಹಾಕಿ ನೆಲ ತಿಕ್ಕೋ ವಿಚಾರ ಮಾಡಿದ್ದೆ, ಡಾಕ್ಟರ್ರು ಬ್ಯಾಡ ಅಂದ್ರು. ಈ ವೈರಸ್ ಮೈಯಿಂದ ಹೊರಗ ಬಂದು ಒಣಗಿದ್ರ ಕೆಲವು ತಾಸಿನಾಗ ಸಾಯತೈತಿ, ಸಾಬೂನಿನ ನೀರು ಸಾಕು, ಕೈ ತೊಳಕೊಂಡ ಇನ್ನೊಂದನ್ನ ಮುಟ್ಟಿದ್ರ ಆತು. ಮ್ಯಾಲಿಂದ ಡೆಟಾಲ್, ಫಿನೈಲ್ ಥರದ್ದು ಬೆಕ್ಕಿಗೆ ವಿಷ, ಕಾಲಿಗೆ ಹತ್ತಿದ್ದನ್ನ ನೆಕ್ಕತಾವಲ್ಲ.

ಹೇಳಾಕ ಸಸಾರ. ಗಿರ್ಮಿಟ್ ರಾತ್ರಿ ಆ ಜಾಳಗಿ ಬಾಗಲದ ಮುಂದ ಕುಂತು ಒದರತಿದ್ಲು, ಒಳಗಿಂದ ಅವನೂ. ನನ್ನ ಮಗಳು ಎರಡರ ನಡುವ ಚಾಪಿ ಹಾಸ್ಕೊಂಡು ಮಲಗತೀನಿ ಅಂತ ಹಟ. ನಾವೂ ನಿದ್ದಿಗೆಟ್ವಿ. ದೊಡ್ಡ ಬೆಕ್ಕಿಗೆ ಮರಿಯಷ್ಟು ಸಲೀಸಾಗಿ ಹತ್ತಂಗಿಲ್ಲ, ವಯಸ್ಸಾದಂಗ ತಡಕೊಳ್ಳೋ ಶಕ್ತಿ ಬರತೈತಿ ಅಂತ ಓದಿ "ಬಿಟ್ಟುಬಿಡೋಣೇನು" ಅಂತ ಡಾಕ್ಟರ್ರನ್ನ ಕೇಳಿದೆ. ಅವ್ರು ಬ್ಯಾಡ ಅಂದ್ರು, ಹತ್ತಂಗಿಲ್ಲ ಅಂತ ಅಲ್ಲ, ಕಮ್ಮಿ ಹತ್ತತೈತಿ ಅಂತ ಅಷ್ಟ. ಇನ್ನೊಂದು ಮಾತೂ ಹೇಳಿದ್ರು, ನಾವು ವರ್ಷಾ ವರ್ಷಾ ಹಾಕಸೋ ಮೂರು ರೋಗದ ಲಸಿಕಿಯೊಳಗ ಇದು ಇರಂಗಿಲ್ಲ. "ನಮ್ಮ ಬೆಕ್ಕಿಗೆ ಎಲ್ಲಾ ವ್ಯಾಕ್ಸಿನ್ ಆಗೇತಿ" ಅಂತ ನಾನೂ ಧೈರ್ಯದಾಗ ಇದ್ದೆ. ಇದಕ್ಕ ಬ್ಯಾರೇದ ಲಸಿಕಿ ಐತಿ, ನಿಮ್ಮ ಡಾಕ್ಟರ್ರನ್ನ ಕೇಳ್ರಿ, ಆದ್ರ ಮೊದಲ ಪಾಸಿಟಿವ್ ಆದ ಬೆಕ್ಕಿಗೆ ಅದು ಉಪಯೋಗಿಲ್ಲ.

ಮಗಳು ಒಂದಿನ ಮೊಬೈಲ್‌ದಾಗ ಹುಡುಕಿ ಓದಿ ಹೇಳಿದ್ಲು. 1964ರಾಗ ಸ್ಕಾಟ್ಲೆಂಡಿನ ಗ್ಲಾಸ್ಗೋದಾಗ ವಿಲಿಯಂ ಜ್ಯಾರೆಟ್ ಅನ್ನೋ ಪಶುವೈದ್ಯ ಮತ್ತ ಅವರ ಜೋಡಿದಾರ್ರು ಈ ವೈರಸ್ ಕಂಡುಹಿಡಿದ್ರಂತ, ಒಂದ ಮನಿಯಾಗಿನ ಬೆಕ್ಕುಗಳಿಗೆ ಸಾಲಾಗಿ ಕ್ಯಾನ್ಸರ್ ಆಗೂದು ನೋಡಿ ಅನುಮಾನ ಬಂದು. "ಒಂದ ಮನಿಯಾಗ" ಅಂದಿದ್ದ ತಡ ನಮ್ಮನಿಯವ್ರು ಎದ್ದು ಹೋಗಿ ಜಾಳಗಿ ಬಾಗಲದ ಚಿಲಕ ಸರಿ ಹಾಕೇತೇನು ಅಂತ ನೋಡಿ ಬಂದ್ರು.

ದೀಪಾವಳಿ ನಮ್ಮ ಕಡೆ ಪಟಾಕ್ಷಿಗೆ ಮುಗಿಯಂಗಿಲ್ಲ, ಹೋರಿ ಹಬ್ಬ ಶುರು ಆಗತೈತಿ, ಊರಿಂದ ಊರಿಗೆ ಕೊಬ್ಬರಿ ಹೋರಿ ಓಡಸ್ತಾರ, ಸದ್ದು ಗದ್ದಲ ವಾರಗಟ್ಟಲೆ. ಅಂಜಿಕಿ, ಟೆನ್ಷನ್ ಆದ್ರ ಇಂಥಾ ಬೆಕ್ಕಿನ ಜಡ್ಡು ಮ್ಯಾಲ ಏಳತೈತಿ ಅಂತ ಗೊತ್ತಿತ್ತು, ಹಿಂಗಾಗಿ ಕಿಡಕಿಗೆ ಕೌದಿ ಕಟ್ಟಿ, ಫ್ಯಾನ್ ಜೋರ ಹಚ್ಚಿ, ಕಾಟಿನ ಕೆಳಗ ರಟ್ಟಿನ ಡಬ್ಬಿ ಇಟ್ಟು ಬಿಟ್ವಿ. ಫೇಡೆ ಆ ಡಬ್ಬಿ ಬಿಟ್ಟು ಹೊರಗ ಬರಲಿಲ್ಲ, ಆದ್ರ ತಿಂತು. ತಿಂತು ಅಂದ್ರ ಆತು ನಮಗ.

ಮೂರು ತಿಂಗಳಾದ ಮ್ಯಾಲೆ ಮತ್ತ ಹುಬ್ಬಳ್ಳಿ. ಈ ಸಲ ಪಿಸಿಆರ್‌ಗೂ ರಕ್ತ, ನೇರಳೆ ಮುಚ್ಚಳದ ಟ್ಯೂಬಿನಾಗ, ಅದ್ರೊಳಗ ರಕ್ತ ಹೆಪ್ಪುಗಟ್ಟಲಾರದಂಗ ಇಡಿಟಿಎ ಇರತೈತಿ. ಸ್ಯಾಂಪಲ್ ಹೊರಗಿನ ಊರಿನ ಲ್ಯಾಬಿಗೆ ಐಸ್ ಪ್ಯಾಕ್ ಜೋಡಿ ಕೊರಿಯರ್ ಆಗತೈತಿ, ಅದಕ್ಕ ಸೋಮವಾರ ಮಂಗಳವಾರ ರಕ್ತ ಕೊಡ್ರಿ, ಶನಿವಾರ ಕೊಟ್ರ ಆಯ್ತವಾರ ಎಲ್ಲೋ ಗೋಡೌನ್‌ನಾಗ ಬಿದ್ದಿರತೈತಿ. ರಿಪೋರ್ಟ್ ವಾಟ್ಸಾಪಿಗೆ ಬರೂತನಕ ನಂಗ ಫೋನ್ ಕೆಳಗಿಡಾಕ ಆಗಲಿಲ್ಲ. ಮಕ್ಕಳಿಗೆ ಭಿನ್ನರಾಶಿ ಹೇಳ್ಕೋತ ನಡುವ ನಡುವ ಸ್ಕ್ರೀನ್ ಒತ್ತೋದು. ಬಂತು. ಫೇಡೆ ಕಿಟ್‌ನಾಗೂ ಪಾಸಿಟಿವ್, ಪಿಸಿಆರ್‌ನಾಗೂ ಪಾಸಿಟಿವ್, ವೈರಸ್ ಲೋಡ್ ಹೆಚ್ಚು, ಅಂದ್ರ ಡಾಕ್ಟರ್ರು ಹಾಳಿ ಮ್ಯಾಲ ಎಳದ ಮೂರನೇ ಗೆರಿ, ಆ ಕೆಟ್ಟದ್ದು. ಗಿರ್ಮಿಟ್ ಎರಡರೊಳಗೂ ನೆಗೆಟಿವ್.

ಅವತ್ತ ಅತ್ತೆ. ಮರುದಿನ ಅಳಲಿಲ್ಲ. ಏನು ಅಂತ ಗೊತ್ತಾದ ಮ್ಯಾಲೆ ಮನಸ್ಸು ಒಂದು ಕಡೆ ಕೂಡತೈತಿ, ಆ ಮೂರು ತಿಂಗಳ ಕಾಯೂದಿತ್ತಲ್ಲ, ಅದ ಹೆಚ್ಚು ತ್ರಾಸ.

ಇನ್ನೊಂದು ತೊಡಕು ಯಾರೂ ಹೇಳಂಗಿಲ್ಲ, ಅದನ್ನ ಸ್ವಲ್ಪ ಉದ್ದಕ ಬರೀತೀನಿ. ಇಂಥಾ ಬೆಕ್ಕಿಗೆ ಆಗಾಗ ರಕ್ತ ಪರೀಕ್ಷೆ, ರಕ್ತಕಣ ಎಣಸೋ ಸಿಬಿಸಿ, ಬೇಕು. ಪ್ರತಿ ಸಲ ಹುಬ್ಬಳ್ಳಿಗೆ ಹೋಗಾಕ ಆಗಂಗಿಲ್ಲ ಅಂತ ಇಲ್ಲೇ ದನದ ದವಾಖಾನ್ಯಾಗ ರಕ್ತ ತಗಿಸಿ ಊರಾಗಿನ ಮನಷ್ಯಾರ ಲ್ಯಾಬಿಗೆ ಒಯ್ದೆ. ಒಂದು ಲ್ಯಾಬಿನವ್ರು ಟ್ಯೂಬ್ ಮುಟ್ಟಲಿಲ್ಲ, ಇನ್ನೊಂದು ಕಡೆ "ಆತ್ರಿ ಮಾಡ್ತೀವಿ" ಅಂದ್ರು. ರಿಪೋರ್ಟ್ ಮ್ಯಾಲ "ಮಿಸ್ಟರ್ ಫೇಡೆ" ಅಂತ ಇತ್ತು. ನಗು ಬಂದಿದ್ದು ಅಷ್ಟ ಹೊತ್ತು, ಕೆಳಗ ನೋಡಿದ್ರ ಪ್ಲೇಟ್ಲೆಟ್ ಹದಿನೆಂಟು ಸಾವಿರ, ಕೆಂಪು ಅಕ್ಷರದಾಗ. ಡೆಂಗ್ಯೂ ನೋಡಿದ ಮಂದಿ ನಾವು, ಪ್ಲೇಟ್ಲೆಟ್ ಅಂದ್ರ ಎದಿ ಧಸಕ್ ಅಂತೈತಿ. ಹುಬ್ಬಳ್ಳಿ ಡಾಕ್ಟರ್ರಿಗೆ ಫೋಟೋ ಕಳಸಿದೆ. ಅವ್ರು ಅಂಜಬ್ಯಾಡ್ರಿ ಅಂತ ಬಿಡಿಸಿ ಹೇಳಿದ್ರು: ಬೆಕ್ಕಿನ ಕೆಂಪು ರಕ್ತಕಣ ಮನಷ್ಯಾರದಕ್ಕಿಂತ ಭಾಳ ಸಣ್ಣವು, ಹೆಚ್ಚುಕಮ್ಮಿ ಅರ್ಧ, ಪ್ಲೇಟ್ಲೆಟ್ ಬೆಕ್ಕಿಗೆ ದೊಡ್ಡವು, ಮನಷ್ಯಾರ ಅಳತಿಗೆ ಇಟ್ಟ ಮಷಿನ್‌ಗೆ ಯಾವುದು ಯಾವುದು ಗೊತ್ತಾಗಂಗಿಲ್ಲ, ಮ್ಯಾಲಿಂದ ಬೆಕ್ಕಿನ ಪ್ಲೇಟ್ಲೆಟ್ ಟ್ಯೂಬಿನಾಗ ಒಂದಕ್ಕೊಂದು ಅಂಟಿ ಗಂಟ ಆಗತಾವು, ಮಷಿನ್ ಆ ಗಂಟನ್ನ ಎಣಸಂಗಿಲ್ಲ. ಗಾಜಿನ ಸ್ಲೈಡ್ ಮ್ಯಾಲ ರಕ್ತ ಬಳದು ಮೈಕ್ರೋಸ್ಕೋಪಿನಾಗ ಕಣ್ಣಿಲೆ ನೋಡಬೇಕು. ನಿಮ್ಮೂರಾಗ ಪ್ರಾಣಿಗಳ ಸೆಟ್ಟಿಂಗ್ ಇರೋ ಮಷಿನ್ ಇಲ್ಲಂದ್ರ ಪಿಸಿವಿ ಒಂದನ್ನಾದ್ರೂ ಸರಿ ಮಾಡಸ್ರಿ, ಸಣ್ಣ ಗಾಜಿನ ನಳಿಗಿಯೊಳಗ ರಕ್ತ ತುಂಬಿ ತಿರುಗಿಸಿ ಕೆಂಪು ಕಣ ನೂರಕ್ಕ ಎಷ್ಟು ಪಾಲು ಅಂತ ನೋಡೋದು, ಅದು ಮೋಸ ಮಾಡಂಗಿಲ್ಲ. ಬೆಕ್ಕಿಗೆ ಸುಮಾರು 24ರಿಂದ 45 ಇರಬೇಕು.

ಆ ಪಿಸಿವಿನ ಮುಂದ ನಮ್ಮ ಜೀವ ಹಿಂಡಿತು. ಬ್ಯಾಡಗಿ ಮೆಣಸಿನಕಾಯಿ ಸುಗ್ಗಿ ಹೊತ್ತು, ವರ್ಷದ ಖಾರ ಮಾಡಸೋ ಗಡಿಬಿಡಿ, ಮನಿ ತುಂಬ ಘಾಟು, ಎಲ್ಲಾರೂ ಸೀನಾಕತ್ತಿದ್ವಿ, ಫೇಡೆ ಸುಸ್ತಾಗಿ ಮಲಗಿದ್ದಕ್ಕೂ ಘಾಟಿನ ಕಾರಣ ಅಂತ ಅತ್ತಿ ಅಂದ್ರು. ಆದ್ರ ಅದು ಮಣ್ಣಿನ ಡಬ್ಬ್ಯಾಗಿನ ಮಣ್ಣು ತಿನ್ನಾಕತ್ತಿತ್ತು, ಗ್ವಾಡಿ ನೆಕ್ಕತಿತ್ತು. ಇದನ್ನ ನೆನಪಿಟ್ಕೊಳ್ರಿ, ರಕ್ತ ಕಮ್ಮಿ ಆದ ಬೆಕ್ಕು ಹಿಂಗ ಮಾಡತಾವು. ತುಟಿ ಎತ್ತಿ ನೋಡಿದ್ರ ಒಸಡು ಸುಣ್ಣದ ಬಣ್ಣ. ಮಲಗಿದಾಗೂ ಹೊಟ್ಟಿ ಜೋರ ಜೋರ ಏರಿ ಇಳೀತಿತ್ತು. ಅವತ್ತ ಬಸ್ ಅನ್ನಲಿಲ್ಲ, ಪರಿಚಯದವ್ರ ಕಾರ್ ತಗೊಂಡು ಓಡಿದ್ವಿ.

ಪಿಸಿವಿ 14. ಜ್ವರ 104ರ ಮ್ಯಾಲ, ಬೆಕ್ಕಿಗೆ 102.5ರತನಕ ನಡೀತೈತಿ. ಡಾಕ್ಟರ್ರು ರಕ್ತ ಏರಸೋ ಮಾತು ತಗದ್ರು. ಬೆಕ್ಕಿಗೂ ಬ್ಲಡ್ ಗ್ರೂಪ್ ಇರತಾವು, ಎ, ಬಿ, ಎಬಿ, ಅದ್ರಾಗ ಬಿ ಗ್ರೂಪಿನ ಬೆಕ್ಕಿಗೆ ಎ ರಕ್ತ ಹೋದ್ರ ಮೊದಲನೇ ಸಲಾನ ಜೀವಕ್ಕ ಅಪಾಯ, ಹೊಂದತೈತೇನು ಅಂತ ನೋಡದ ಏರಸೂದ ಇಲ್ಲ. ದಾನಿ ಬೆಕ್ಕು ಆರೋಗ್ಯ ಇರಬೇಕು, ಈ ವೈರಸ್ ನೆಗೆಟಿವ್ ಇರಬೇಕು, ನಾಕು ಕಿಲೋಕ್ಕಿಂತ ಹೆಚ್ಚು ತೂಕ ಬೇಕು. "ಗಿರ್ಮಿಟ್ ಅದಾಳಲ್ರಿ" ಅಂದೆ. ಆಕಿ ತೂಕ ಮೂರು ಚಿಲ್ಲರ, ಆಗಂಗಿಲ್ಲ ಅಂದ್ರು. ಪರ್ಶಿಯನ್ ಬೆಕ್ಕಿನವ್ರ ನಂಬರಿಗೆ ರಿಸೆಪ್ಷನ್‌ದವ್ರು ಫೋನ್ ಹಚ್ಚಾಕತ್ತಿದ್ರು, ಅಷ್ಟರಾಗ ಡಾಕ್ಟರ್ರು ಸ್ಲೈಡ್ ನೋಡಿ ಎದ್ದು ಬಂದ್ರು. ಕೆಂಪು ಕಣದ ಅಂಚಿಗೆ ಸಣ್ಣ ಸಣ್ಣ ಚುಕ್ಕಿ, ಮೈಕೊಪ್ಲಾಸ್ಮಾ, ರಕ್ತಕಣಕ್ಕ ಅಂಟಿಕೊಂಡು ಒಡೆಯೋ ಬ್ಯಾಕ್ಟೀರಿಯಾ. ಲುಕೇಮಿಯಾ ವೈರಸ್ ಇರೋ ಬೆಕ್ಕಿಗೆ ಇದು ಹತ್ತಿದ್ರ ಹಿಂಗ ನೆಲ ಕಚ್ಚಿಸತೈತಿ, ಆದ್ರ ಇದಕ್ಕ ಔಷಧ ಐತಿ. "ವೈರಸ್ಸಿಂದನ ಎಲುಬಿನ ಮಜ್ಜೆ ನಿಂತಿದ್ರ ನನ್ನ ಕೈಯಾಗ ಹೆಚ್ಚೇನಿರತಿದ್ದಿಲ್ಲ, ಇದಕ್ಕ ಪ್ರಯತ್ನ ಮಾಡೂನ್ರಿ" ಅಂದ್ರು. ರಾತ್ರಿ ಅಲ್ಲೇ ಇಟ್ಕೊಂಡ್ರು.

ಡಾಕ್ಸಿಸೈಕ್ಲಿನ್ ಮೂರು ವಾರದ ಕೋರ್ಸ್, ಜೋಡಿ ಪ್ರೆಡ್ನಿಸೊಲೋನ್, ಅದು ಸ್ಟಿರಾಯ್ಡ್, ಮೈ ತನ್ನ ರಕ್ತಕಣ ತಾನ ಒಡೆಯೂದನ್ನ ತಡಿಯಾಕ. ಸ್ಟಿರಾಯ್ಡ್ ಇದ್ದ ಶಕ್ತಿನೂ ಇಳಸತೈತಿ ಅಂತ ಹಂತ ಹಂತವಾಗಿ ಕಮ್ಮಿ ಮಾಡಸಿದ್ರು. ಡಾಕ್ಸಿ ಗುಳಿಗಿ ಬಗ್ಗೆ ಒಂದು ಎಚ್ಚರ: ಅದು ಗಂಟಲದಾಗ ನಿಂತ್ರ ಅನ್ನನಾಳ ಸುಟ್ಟು ಗಾಯ ಆಗಿ ಮುಂದ ದಾರಿನ ಸಣ್ಣ ಆಗಿಬಿಡತೈತಿ. ಗುಳಿಗಿ ಹಾಕಿದ ಕೂಡ್ಲೆ ಸೂಜಿ ಇಲ್ಲದ ಸಿರಿಂಜಿನಾಗ ಐದಾರು ಎಂಎಲ್ ನೀರು ಬಾಯಿಯ ಬಾಜೂದಿಂದ ನಿಧಾನಕ ಕುಡಿಸ್ರಿ, ಇಲ್ಲಾ ಒಂದು ತುತ್ತು ತಿನಿಸ್ರಿ. ಹಾಲಿನ ಜೋಡಿ ಕೊಡಬ್ಯಾಡ್ರಿ, ಹಾಲು ಆ ಔಷಧನ್ನ ಕಟ್ಟಿ ಹಾಕತೈತಿ. ನಮ್ಮತ್ತಿ ಗುಳಿಗಿ ಪುಡಿ ಮಾಡಿ ಬೆಣ್ಯಾಗ ಕಲಿಸೋ ಐಡಿಯಾ ಹೇಳಿದ್ರು, ಡಾಕ್ಟರ್ರು ಅದಕ್ಕೂ ತಲಿ ಅಲ್ಲಾಡಿಸಿದ್ರು.

ಚಿಗಟಕ್ಕೂ ಔಷಧ ಕೊಟ್ರು, ಮೈಕೊಪ್ಲಾಸ್ಮಾ ಚಿಗಟದಿಂದ ಹಬ್ಬತೈತಿ ಅಂತ ಅನುಮಾನ ಐತಿ. ಅಂಗಡ್ಯಾಗ ನಾಯಿಗೆ ಹಾಕೋ ಹನಿ ಸಸ್ತಾ ಸಿಗತೈತಿ ಅಂತ ಬೆಕ್ಕಿಗೆ ಹಾಕಬ್ಯಾಡ್ರಿ, ಅದ್ರಾಗ ಪರ್ಮೆಥ್ರಿನ್ ಇದ್ರ ಬೆಕ್ಕಿಗೆ ಫಿಟ್ಸ್ ಬಂದು ಸಾಯತಾವು. ಡಬ್ಬಿ ಮ್ಯಾಲ ಬೆಕ್ಕಿನ ಚಿತ್ರ, ತೂಕ ಎರಡೂ ನೋಡ್ರಿ.

ಊಟದ್ದು ಭಾಳ ಹೇಳೂದಿಲ್ಲ. ಹಸಿ ಮಾಂಸ, ಹಸಿ ಮೀನು, ಕಾಸದ ಹಾಲು ಬಂದ್, ರೋಗ ತಡಿಯೋ ಶಕ್ತಿ ಇಲ್ಲದ ಬೆಕ್ಕಿಗೆ ಅದ್ರಾಗಿನ ಕ್ರಿಮಿನ ಸಾಕು. ಕುದಿಸಿದ ಕೋಳಿ, ಮೀನು ಬೆಚ್ಚಗ ಮಾಡಿ ಕೊಟ್ರ ವಾಸನಿಗೆ ತಿಂತಾವು, ಜೋಡಿ ಬೆಕ್ಕಿನ ಫುಡ್ ಬೇಕ ಬೇಕು, ಬರೇ ಕೋಳಿಯೊಳಗ ಎಲ್ಲಾ ಇರಂಗಿಲ್ಲ. ಎರಡು ದಿನ ಪೂರ್ತಿ ಉಪವಾಸ ಬಿದ್ರ ಕಾಯಬ್ಯಾಡ್ರಿ, ಬೆಕ್ಕಿನ ಲಿವರ್‌ನಾಗ ಕೊಬ್ಬು ತುಂಬಿ ಅದ ಒಂದು ಹೊಸ ಜಡ್ಡು ಆಗತೈತಿ. ನಮಗ ಹಸಿವಿ ಹೆಚ್ಚಸೋ ಮಿರ್ಟಾಜಪಿನ್ ಬರದು ಕೊಟ್ಟಿದ್ರು, ಮನಷ್ಯಾರ ಗುಳಿಗಿಯ ಸಣ್ಣ ತುಂಡು, ಮೆಡಿಕಲ್‌ನ್ಯಾಗ ಡಾಕ್ಟರ್ರ ಚೀಟಿ ಇಲ್ಲದ ಕೊಡಂಗಿಲ್ಲ, ಆ ಚೀಟಿ ಫೋಟೋ ಫೋನಿನಾಗ ಇಟ್ಕೊಳ್ರಿ.

ಗುಳಿಗಿ ಶುರು ಆಗಿ ವಾರ ಆಗೂದ್ರಾಗ ಒಸಡಿಗೆ ಗುಲಾಬಿ ಬಣ್ಣ ಬಂತು. ಕೋರ್ಸ್ ಮುಗಿದಾಗ ಪಿಸಿವಿ 26. ಯುಗಾದಿ ದಿನ ಬೇವು ಬೆಲ್ಲ ತಿನ್ನೋ ಹೊತ್ತಿಗೆ ಫೇಡೆ ಕಾಟಿನ ಮ್ಯಾಲಿಂದ ಕಿಡಕಿಗೆ ಜಿಗಿದ. ವೈರಸ್ ಹೋಗಿಲ್ಲ, ಹೋಗಂಗೂ ಇಲ್ಲ. ಆಂಟಿವೈರಲ್ ಅಂತ ಎಚ್‌ಐವಿಗೆ ಕೊಡೋ ಝಿಡೊವುಡಿನ್ ಕೆಲವು ಕಡೆ ಕೊಡತಾರ, ಆದ್ರ ಅದು ಇದ್ದ ರಕ್ತನೂ ಕಮ್ಮಿ ಮಾಡಬಹುದು, ಈಗ ತಾನ ಮ್ಯಾಲೆ ಎದ್ದ ಬೆಕ್ಕಿಗೆ ಬ್ಯಾಡ ಅಂತ ಡಾಕ್ಟರ್ರು ನಿರ್ಧಾರ ಮಾಡಿದ್ರು, ನಾನೂ ಒತ್ತಾಯ ಮಾಡಲಿಲ್ಲ.

ಖರ್ಚು ಕೇಳ್ತೀರಿ, ಹೇಳ್ತೀನಿ. ಶ್ರಾವಣದಿಂದ ಯುಗಾದಿತನಕ ಎಲ್ಲಾ ಸೇರಿ ಮೂವತ್ತು ಸಾವಿರದ ಆಜೂಬಾಜು, ಅದ್ರಾಗ ದೊಡ್ಡ ಪಾಲು ಆ ರಕ್ತ ಕಮ್ಮಿ ಆದ ವಾರದ್ದು. ನನ್ನ ಟ್ಯೂಷನ್ ರೊಕ್ಕ, ನಮ್ಮನಿಯವ್ರು ಗಾಡಿ ರಿಪೇರಿಗೆ ಇಟ್ಟಿದ್ದು, ಕಡೀಕ ಅತ್ತಿ ಪಿಂಚಣಿಯಿಂದ ಸ್ವಲ್ಪ. ಹಿಂಗ ಖರ್ಚು ಮಾಡಾಕ ಎಲ್ಲಾರಿಗೂ ಆಗಂಗಿಲ್ಲ, ಆಗದವ್ರನ್ನ ನಾ ತಪ್ಪ ಅನ್ನಂಗಿಲ್ಲ.

ಈಗ ತಿಂಗಳಿಗೊಮ್ಮೆ ಇಲ್ಲೇ ತೂಕ, ಒಸಡು, ಜ್ವರ ನೋಡಸೂದು, ಆರು ತಿಂಗಳಿಗೊಮ್ಮೆ ಹುಬ್ಬಳ್ಳಿಯೊಳಗ ಪೂರ್ತಿ ಚೆಕಪ್. ಒಂದು ಫೈಲ್ ಮಾಡೀನಿ, ರಿಪೋರ್ಟ್, ಚೀಟಿ, ವ್ಯಾಕ್ಸಿನ್ ಕಾರ್ಡ್, ಎಲ್ಲಾ ತಾರೀಖಿನ ಪ್ರಕಾರ, ಹಿಂದಿನ ಪಿಸಿವಿ ಎಷ್ಟಿತ್ತು ಅಂತ ಅವರು ಕೇಳಿದಾಗ ಫೋನಿನಾಗ ಹುಡುಕೋ ಗೋಳು ಇಲ್ಲ. ನೀವು ಮೊದಲನೇ ಸಲ ಟೆಸ್ಟಿಗೆ ಹೊಂಟಿದ್ರ ಹೊಂಡೂಕಿಂತ ಮೊದ್ಲ ಕ್ಲಿನಿಕ್ಕಿಗೆ ಫೋನ್ ಹಚ್ಚಿ ಮೂರು ಮಾತು ಕೇಳ್ರಿ, ಎಫ್‌ಇಎಲ್‌ವಿ ಕಿಟ್ ಇವತ್ತ ಸ್ಟಾಕ್ ಐತೇನು, ಪಿಸಿವಿ ಅಲ್ಲೇ ಆಗತೈತೇನು, ಪಿಸಿಆರ್ ಸ್ಯಾಂಪಲ್ ಯಾವ ದಿನ ಕಳಸ್ತಾರ. ನಮ್ಮ ಜೋಡಿ ಕೂತಿದ್ದ ರಾಣೇಬೆನ್ನೂರಿನ ಒಬ್ಬ ಅಣ್ಣಾರು ಎರಡು ಬೆಕ್ಕು ಹೊತ್ಕೊಂಡು ಅಷ್ಟು ದೂರ ಬಂದು, ಕಿಟ್ ಖಾಲಿ ಆಗಿ, ಹಂಗ ತಿರುಗಿ ಹೋದ್ರು.